ಏಕವ್ಯಕ್ತಿ ಹಾಯಿದೋಣಿ

ಏಕವ್ಯಕ್ತಿ ಹಾಯಿದೋಣಿ ಎಂಬುದು ಒಬ್ಬನೇ ನಾವಿಕನು ಹಾಯಿಯನ್ನೂ ಚುಕ್ಕಾಣಿಯನ್ನೂ ತಾನೇ ಹಿಡಿದು, ಗಾಳಿಯ ಬಲವೊಂದರಿಂದಲೇ ನಡೆಸುವ ತೆರೆದ ಚಿಕ್ಕ ದೋಣಿ. ಇದರ ಉದ್ದ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಮೀಟರಿನೊಳಗೆ ಇರುತ್ತದೆ. ಇಂತಹ ದೋಣಿಗೆ ಇಂಗ್ಲಿಷಿನಲ್ಲಿರುವ ‘ಡಿಂಗಿ’ ಎಂಬ ಹೆಸರು ಭಾರತೀಯ ಭಾಷೆಗಳಿಂದಲೇ ಅಲ್ಲಿಗೆ ಹೋದುದು; ಹಿಂದಿ ಮತ್ತು ಬಂಗಾಳಿಗಳಲ್ಲಿ ಇಂದಿಗೂ ಚಿಕ್ಕ ದೋಣಿಗೆ ಡಿಂಗಿ ಎನ್ನುವುದುಂಟು. ಭಾರತದ ದಿಲೀಪ್ ದೊಂಡೆ ಮತ್ತು ಅಭಿಲಾಷ್ ಟೋಮಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಐಎನ್‌ಎಸ್‌ವಿ ಮ್ಹಾದೇಯಿಯಂತಹ ನೌಕೆಗಳು ಈ ವರ್ಗಕ್ಕೆ ಸೇರುವುದಿಲ್ಲ. ಅವುಗಳ ತಳದಲ್ಲಿ ಭಾರವಾದ ಸ್ಥಿರ ಕೀಲ್ ಇದ್ದು, ದೋಣಿ ವಾಲಿದಾಗ ಅದೇ ಅದನ್ನು ನೆಟ್ಟಗಾಗಿಸುತ್ತದೆ. ಡಿಂಗಿಯಲ್ಲಿ ಆ ಭಾರವಿಲ್ಲ. ನಾವಿಕನ ದೇಹವೇ ಅಲ್ಲಿ ಸಮತೋಲನದ ತೂಕ. ಈ ಒಂದು ವ್ಯತ್ಯಾಸವೇ ದೋಣಿಯ ಆಯ್ಕೆಯ ಎಲ್ಲ ಪ್ರಶ್ನೆಗಳಿಗೂ ಮೂಲವಾಗಿದೆ.

ಕರ್ನಾಟಕದಲ್ಲಿ

ಒಬ್ಬನೇ ನಡೆಸುವ ದೋಣಿ ಕನ್ನಡ ನಾಡಿಗೆ ಹೊಸದಲ್ಲ. ಕಾವೇರಿ ಮತ್ತು ತುಂಗಭದ್ರೆಯ ಹರಿಗೋಲು, ಕರಾವಳಿಯ ಹೊಳೆಗಳ ಪಾತಿದೋಣಿ ಇವೆರಡನ್ನೂ ಒಬ್ಬನೇ ನಡೆಸಬಲ್ಲನು. ಆದರೆ ಅವು ಹುಟ್ಟಿನಿಂದ ಅಥವಾ ಗಳುವಿನಿಂದ ಸಾಗುವಂಥವು. ಹಾಯಿ ಕಟ್ಟಿದ ಮಚ್ಚುವೆಗಳು ಸರಕು ಸಾಗಿಸುವ ದೊಡ್ಡ ನಾವೆಗಳಾಗಿದ್ದು, ಅವಕ್ಕೆ ಹಲವು ಆಳುಗಳು ಬೇಕಾಗುತ್ತಿದ್ದರು. ಕ್ರೀಡೆಗಾಗಿ ಹಾಯಿದೋಣಿ ನಡೆಸುವುದು ಇಲ್ಲಿ ಮುಖ್ಯವಾಗಿ ಸೇನೆಯ ಮೂಲಕ ಬೆಳೆಯಿತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೈಲಿಂಗ್ ಕ್ಲಬ್ ಇದೆ. ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ ನೌಕೆಯ ಹೆಸರೂ ತೃಷ್ಣಾ. ಮೈಸೂರಿನ ಸಮೀಪ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಇದೆ.

ಮೈಸೂರು ನಗರದೊಳಗೆ ನೀರಿಲ್ಲವೆಂದಲ್ಲ. ನಜರ್‌ಬಾದಿನ ಬದಿಯಲ್ಲೇ, ಮೃಗಾಲಯಕ್ಕೆ ಹೊಂದಿಕೊಂಡಂತೆ ಕಾರಂಜಿ ಕೆರೆ ಇದೆ. ಆದರೆ ಅದು ಪಕ್ಷಿಗಳಿಗೂ ಪೆಡಲು ದೋಣಿಗಳಿಗೂ ಮೀಸಲಾದ ಜಲಾಶಯ. ಸುತ್ತಲೂ ಎತ್ತರದ ಮರಗಳಿರುವ ಚಿಕ್ಕ ಕೆರೆಯಲ್ಲಿ ಗಾಳಿ ಒಮ್ಮೆ ಸತ್ತು ಒಮ್ಮೆ ಅಡ್ಡಲಾಗಿ ಬೀಸುತ್ತದೆ. ಹಾಯಿದೋಣಿಗೆ ಬೇಕಾದುದು ತಡೆಯಿಲ್ಲದ ವಿಸ್ತಾರ. ಆದುದರಿಂದ ನಗರದ ಆಸಕ್ತರು ಕೃಷ್ಣರಾಜಸಾಗರದತ್ತ ಹೋಗಬೇಕಾಗುತ್ತದೆ. ದೋಣಿಯನ್ನು ಆರಿಸುವಾಗಲೂ ಅಲ್ಲಿನ ನೀರು, ಗಾಳಿ, ದಡಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ನಾವಿಕನ ತೂಕ ಮತ್ತು ಹಾಯಿಯ ವಿಸ್ತೀರ್ಣ

ಹಾಯಿಯ ಮೇಲೆ ಬೀಳುವ ಒತ್ತಡವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿ 20ಕ್ಕೇರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅದನ್ನು ಎದುರಿಸಲು ನಾವಿಕನು ಗಾಳಿ ಬರುವ ಬದಿಯ ಅಂಚಿನ ಮೇಲೆ ಕುಳಿತು, ಪಾದಗಳನ್ನು ತಳದ ಪಟ್ಟಿಯೊಳಗೆ ಸಿಕ್ಕಿಸಿ, ಮೈಯನ್ನು ಹೊರಕ್ಕೆ ಚಾಚುತ್ತಾನೆ. ಜೊತೆಗಾರನಿದ್ದರೆ ಈ ಶ್ರಮವನ್ನು ಹಂಚಿಕೊಳ್ಳಬಹುದು. ಒಬ್ಬನೇ ಇದ್ದಾಗ ತೊಡೆ, ಹೊಟ್ಟೆ, ಬೆನ್ನುಗಳು ಇಡೀ ಭಾರವನ್ನು ಹೊರಬೇಕು. ಆದುದರಿಂದ ಸುಖಕರ ದೋಣಿಯ ಮೊದಲ ಲಕ್ಷಣ ಮೆತ್ತನೆಯ ಆಸನವಲ್ಲ; ತನ್ನ ತೂಕಕ್ಕೆ ಮೀರದ ಹಾಯಿ.

ಇದಕ್ಕೆ ಒಳ್ಳೆಯ ಉದಾಹರಣೆ ಹಿಂದೆ ಲೇಸರ್ ಎಂದು ಹೆಸರಾಗಿದ್ದು ಈಗ ಐಎಲ್‌ಸಿಎ ಎನಿಸಿಕೊಳ್ಳುವ ದೋಣಿ. ಒಂದೇ ಒಡಲಿಗೆ ಮೂರು ಅಳತೆಯ ಹಾಯಿಗಳನ್ನು ಕಟ್ಟಬಹುದು. ಐಎಲ್‌ಸಿಎ 7ರ ಹಾಯಿ ಸುಮಾರು 7 ಚದರ ಮೀಟರ್, 6ರದು 5.7ರಷ್ಟು, 4ರದು 4.7. ಸುಮಾರು 80 ಕಿಲೋಗ್ರಾಂ ತೂಗುವವರು ಮೊದಲನೆಯದನ್ನು, 60ರಿಂದ 70ರವರು ಎರಡನೆಯದನ್ನು, ಅದಕ್ಕೂ ಹಗುರವಾದವರು ಮೂರನೆಯದನ್ನು ಬಳಸುವುದು ರೂಢಿ. ಕೂವೆಮರದ ಕೆಳ ತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಸಾಕು. ಸ್ಪರ್ಧೆಯ ಬಯಕೆಯಿಲ್ಲದವರು ತೂಕಕ್ಕೆ ಸೂಚಿಸಿರುವುದಕ್ಕಿಂತ ಒಂದಳತೆ ಚಿಕ್ಕ ಹಾಯಿಯಿಂದ ಆರಂಭಿಸುವುದೇ ಲೇಸು. ದೊಡ್ಡ ಹಾಯಿಯನ್ನು ಕೊಂಡು ಗಾಳಿ ಬಂದ ದಿನವೆಲ್ಲ ದಡದಲ್ಲಿ ಕುಳಿತಿರುವುದರಲ್ಲಿ ಅರ್ಥವಿಲ್ಲ.

ಮೈಸೂರು ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮತ್ತು ಪಶ್ಚಿಮದ ಗಾಳಿ ಬಲವಾಗಿರುತ್ತದೆ. ಬೇಸಿಗೆಯ ಕೊನೆಯ ವಾರಗಳಲ್ಲಿ, ಮುಂಗಾರಿಗೆ ಮುನ್ನ, ಮಧ್ಯಾಹ್ನದ ಗುಡುಗುಮಳೆಗೆ ಮೊದಲು ಬೀಸುವ ಗಾಳಿ ಇನ್ನೂ ಅಪಾಯಕರ: ನಿಶ್ಚಲವಾಗಿದ್ದ ನೀರಿನ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ಎರಗುತ್ತದೆ.

ಕುಳಿತುಕೊಳ್ಳುವ ಅನುಕೂಲ

ಹಾಯಿಯ ಕೆಳಗಂಚನ್ನು ಹಿಡಿದಿರುವ ಅಡ್ಡಗಂಬಕ್ಕೆ ಬೂಮ್ ಎಂದು ಹೆಸರು. ದೋಣಿ ದಿಕ್ಕು ಬದಲಿಸಿದಾಗಲೆಲ್ಲ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುತ್ತದೆ. ನಾವಿಕನು ಅದರಡಿ ತಲೆ ಬಗ್ಗಿಸಿ ಎದುರು ಬದಿಗೆ ದಾಟಬೇಕು. ಐಎಲ್‌ಸಿಎ ದೋಣಿಯಲ್ಲಿ ಬೂಮ್ ಬಹಳ ತಗ್ಗಿನಲ್ಲಿದ್ದು, ಕಾಲಿಡುವ ಗುಂಡಿಯೂ ಆಳವಿಲ್ಲ. ಮಂಡಿನೋವಿರುವವರಿಗೆ ಇದು ಒಗ್ಗುವುದು ಕಷ್ಟ. ಐವತ್ತು ದಾಟಿದ ಹೊಸಬರು ದೋಣಿ ಕೊಳ್ಳುವ ಮುನ್ನ ನೆಲದ ಮೇಲೆ ನಿಲ್ಲಿಸಿದ ದೋಣಿಯಲ್ಲೇ ಬೂಮಿನಡಿ ಹತ್ತು ಬಾರಿ ಅತ್ತಿತ್ತ ದಾಟಿ ನೋಡಿದರೆ ಮಾರಾಟಗಾರನ ಮಾತಿಗಿಂತ ಹೆಚ್ಚು ತಿಳಿಯುತ್ತದೆ. ಆಳವಾದ ಒಳಭಾಗ, ಅಂಚಿನುದ್ದಕ್ಕೂ ಅಗಲವಾದ ಆಸನ, ತಲೆಗೆ ತಗಲದ ಬೂಮ್ ಇರುವ ದೋಣಿಗಳು ವೇಗದಲ್ಲಿ ಹಿಂದೆ ಬಿದ್ದರೂ ವಿಹಾರಕ್ಕೆ ಮೇಲು.

ದೋಣಿ ಅಗಲವಾದಷ್ಟೂ ಸ್ಥಿರ ಎಂಬುದು ಅರ್ಧಸತ್ಯ. ಅಗಲವಾದ ದೋಣಿ ಬೇಗ ವಾಲುವುದಿಲ್ಲ, ನಿಜ. ಆದರೆ ಪೂರ್ತಿ ಮಗುಚಿದ ಮೇಲೆ ತಲೆಕೆಳಗಾಗಿಯೂ ಅಷ್ಟೇ ಸ್ಥಿರವಾಗಿ ನಿಲ್ಲುತ್ತದೆ.

ಮಗುಚಿದಾಗ

ಡಿಂಗಿ ಮಗುಚುವುದು ಅಪಘಾತವಲ್ಲ, ದಿನನಿತ್ಯದ ಸಂಗತಿ. ಮಗುಚಿದ ಮೇಲೆ ಒಬ್ಬನೇ ಅದನ್ನು ಎತ್ತಿ ನಿಲ್ಲಿಸಿ, ಮತ್ತೆ ಒಳಗೆ ಹತ್ತಬಲ್ಲನೇ ಎಂಬುದೇ ನಿರ್ಣಾಯಕ ಪರೀಕ್ಷೆ. ಪಕ್ಕಕ್ಕೆ ಉರುಳಿದ ದೋಣಿಯ ತಳದಿಂದ ಹೊರಚಾಚಿರುವ ಡ್ಯಾಗರ್‌ಬೋರ್ಡ್ ಹಲಗೆಯನ್ನು ಹಿಡಿದು ಜಗ್ಗಬೇಕು, ಅಥವಾ ಅದರ ಮೇಲೆ ನಿಂತು ಅಂಚನ್ನು ಹಿಡಿದು ಹಿಂದಕ್ಕೆ ಒರಗಬೇಕು. ಹಾಯಿಯ ಹಗ್ಗವನ್ನು ಮೊದಲೇ ಸಡಿಲಿಸಿ, ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಿಕೊಂಡಿದ್ದರೆ ಅದು ಎದ್ದ ಕೂಡಲೇ ಮತ್ತೆ ಉರುಳುವುದಿಲ್ಲ. ಹಲವರು ಸೋಲುವುದು ಇದಾದ ಮುಂದಿನ ಹೆಜ್ಜೆಯಲ್ಲಿ. ಒದ್ದೆಬಟ್ಟೆಯಲ್ಲಿ, ದಣಿದ ತೋಳುಗಳಿಂದ ಅಂಚನ್ನು ಹತ್ತಲಾಗುವುದಿಲ್ಲ. ಅಂಚು ತಗ್ಗಾಗಿರುವ ದೋಣಿ ಅಥವಾ ಹಿಂಭಾಗ ತೆರೆದಿರುವ ದೋಣಿ ಇಲ್ಲಿ ಅನುಕೂಲ. ಇಲ್ಲದಿದ್ದರೆ ಹಗ್ಗದ ಕುಣಿಕೆಯೊಂದನ್ನು ಮೆಟ್ಟಿಲಿನಂತೆ ಇಳಿಬಿಡಬಹುದು. ಒಳಗೆ ತುಂಬಿದ ನೀರು ತಾನೇ ಹೊರಹೋಗುವ ಏರ್ಪಾಡಿರಬೇಕು. ಬಕೆಟ್ಟಿನಿಂದ ಮೊಗೆಯುತ್ತಾ ಚುಕ್ಕಾಣಿ ಹಿಡಿಯಲು ಒಬ್ಬನಿಗೆ ಎರಡೇ ಕೈ.

ಜಲಾಶಯದ ಆಳವಿಲ್ಲದ ಅಂಚಿನಲ್ಲಿ ತಲೆಕೆಳಗಾದ ದೋಣಿಯ ಕೂವೆಮರದ ತುದಿ ಹೂಳಿನಲ್ಲಿ ನಾಟಿಕೊಳ್ಳುವುದುಂಟು. ತುದಿಗೆ ತೇಲುಬುರುಡೆ ಕಟ್ಟಿದರೆ ದೋಣಿ ಪೂರ್ತಿ ಮಗುಚದೆ ಪಕ್ಕಕ್ಕೇ ನಿಲ್ಲುತ್ತದೆ. ಈಜು ಬಲ್ಲವರೂ ಲೈಫ್ ಜಾಕೆಟ್ ಧರಿಸಬೇಕು. ಒಬ್ಬನೇ ಹೋದವನನ್ನು ದೋಣಿ ಬಿಟ್ಟು ತೇಲಿಹೋದರೆ ಅದನ್ನು ಈಜಿ ಹಿಡಿಯುವುದು ಬಹುಪಾಲು ಸಾಧ್ಯವಾಗದು. ಹಾಯಿಯ ಹಗ್ಗವನ್ನು ಕೈಬಿಡಬಾರದೆಂಬ ನಿಯಮ ಹುಟ್ಟಿರುವುದು ಇದರಿಂದಲೇ.

ದಡ ಮತ್ತು ಸಾಗಣೆ

ಕೃಷ್ಣರಾಜಸಾಗರದ ಪೂರ್ಣಮಟ್ಟ 124.80 ಅಡಿ. ಬೇಸಿಗೆಯಲ್ಲಿ 90 ಅಡಿಗಿಂತಲೂ ಕೆಳಗಿಳಿದ ವರ್ಷಗಳುಂಟು. ನೀರು ಹಿಂದೆ ಸರಿದಂತೆ ದಡವೂ ಸರಿಯುತ್ತದೆ. ಮಳೆಗಾಲದ ಕೊನೆಗೆ ಹತ್ತು ಹೆಜ್ಜೆಯಲ್ಲಿದ್ದ ನೀರಿಗೆ ಏಪ್ರಿಲ್‌ನಲ್ಲಿ ಕೆಸರಿನ ಮೇಲೆ ಬಹುದೂರ ದೋಣಿಯನ್ನು ಎಳೆಯಬೇಕಾಗುತ್ತದೆ. ಕ್ಯಾಟಲಾಗುಗಳಲ್ಲಿ ಕೊನೆಯ ಸಾಲಿನಲ್ಲಿ ಬರುವ ಒಡಲಿನ ತೂಕ ಇಲ್ಲಿ ಮೊದಲ ಸಾಲಿಗೆ ಬರುತ್ತದೆ. 60 ಕಿಲೋಗ್ರಾಮಿನ ದೋಣಿಯನ್ನು ಎರಡು ಚಕ್ರದ ಕೈಗಾಡಿಯಿದ್ದರೆ ಗಟ್ಟಿನೆಲದಲ್ಲಿ ಒಬ್ಬರು ಎಳೆಯಬಹುದು, ಕೆಸರಿನಲ್ಲಿ ಎಳೆಯಲಾಗದು. ಅಗಲವಾದ ಗಾಳಿತುಂಬಿದ ಚಕ್ರಗಳು ಇದ್ದರೆ ಮೇಲು. ನೀರಿಳಿದಾಗ ಮುಳುಗಿದ್ದ ಬಂಡೆ, ಮರದ ಮೋಟು, ಹಳೆಯ ಬದುಗಳು ಮೇಲ್ಮೈಗೆ ಹತ್ತಿರ ಬರುವುದರಿಂದ ಮೇಲಕ್ಕೆ ಸರಿಸಬಹುದಾದ ಡ್ಯಾಗರ್‌ಬೋರ್ಡಿಗಿಂತ ತಗಲಿದೊಡನೆ ತಾನೇ ಹಿಂದಕ್ಕೆ ಮಡಿಚಿಕೊಳ್ಳುವ ಸೆಂಟರ್‌ಬೋರ್ಡ್ ಸುರಕ್ಷಿತ. ಅಣೆಕಟ್ಟೆಯ ಸಮೀಪ ದೋಣಿ ನಡೆಸುವಂತಿಲ್ಲ. ಹಿನ್ನೀರಿನಲ್ಲಿಯೂ ಅನುಮತಿಯಿಲ್ಲದೆ ಇಳಿಯಬಾರದು.

ಮುಖ್ಯ ವರ್ಗಗಳು

ಐಎಲ್‌ಸಿಎ ದೋಣಿಯನ್ನು ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ರೂಪಿಸಿದರು. ಕಾರಿನ ಮೇಲೆ ಹೇರಿಕೊಂಡು ಹೋಗಬಹುದಾದ ಅಗ್ಗದ ದೋಣಿಯೊಂದು ಬೇಕೆಂಬುದೇ ಆಗಿನ ಉದ್ದೇಶವಾಗಿತ್ತು. 4.2 ಮೀಟರ್ ಉದ್ದ, ಸುಮಾರು 59 ಕಿಲೋಗ್ರಾಂ ತೂಕದ ಇದು 1996ರಿಂದ ಒಲಿಂಪಿಕ್ ವರ್ಗವಾಗಿದೆ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ವಿಷ್ಣು ಸರವಣನ್ ಮತ್ತು ನೇತ್ರಾ ಕುಮಣನ್ ಸ್ಪರ್ಧಿಸಿದ್ದು ಇದರಲ್ಲಿಯೇ. ಬಿಡಿಭಾಗಗಳೂ ಹಳೆಯ ದೋಣಿಗಳೂ ಸುಲಭವಾಗಿ ದೊರೆಯುವುದು ಇದರ ದೊಡ್ಡ ಗುಣ. ಸುಖ ಇದರ ಗುಣವಲ್ಲ.

ಆಪ್ಟಿಮಿಸ್ಟ್ 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ, 2.3 ಮೀಟರ್ ಉದ್ದದ ಪೆಟ್ಟಿಗೆಯಾಕಾರದ ದೋಣಿ. ಮಕ್ಕಳ ಕಲಿಕೆಗೆ ಇದಕ್ಕೆ ಸಮನಾದುದಿಲ್ಲ; ವಯಸ್ಕರಿಗೆ ಹಿಡಿಸದು. ಸನ್‌ಫಿಶ್ ಚಪ್ಪಟೆ ಹಲಗೆಯಂತಹ ದೋಣಿ. ಇದರ ಹಾಯಿ ಅರಬ್ಬಿ ಸಮುದ್ರದ ಮಚ್ಚುವೆಗಳ ಹಾಯಿಯಂತೆ ತ್ರಿಕೋನಾಕಾರದ ಲ್ಯಾಟೀನ್, ಕಟ್ಟುವುದು ಸುಲಭ. 1962ರ ಮಿರರ್ ಡಿಂಗಿ ಪ್ಲೈವುಡ್ಡಿನದು, 3.3 ಮೀಟರ್ ಉದ್ದ. ಇದು ಇಬ್ಬರಿಗೆಂದು ರೂಪಿತವಾದರೂ ಮುಂದಿನ ಚಿಕ್ಕ ಹಾಯಿಯನ್ನು ಬಿಟ್ಟು ಒಬ್ಬರೇ ನಡೆಸಬಹುದು. ವಿಶಾಲವಾದ ಒಳಭಾಗವಿದ್ದು, ಹಗುರವಾಗಿರುವುದರಿಂದ ವಿಹಾರಕ್ಕೆ ಬಹಳ ಹೊಂದುತ್ತದೆ. ಮರದ ದೋಣಿಯಾದುದರಿಂದ ಮಳೆಬಿಸಿಲುಗಳಿಂದ ಕಾಪಾಡುವ ಕೆಲಸ ಮಾತ್ರ ತಪ್ಪದು. ಫಿನ್ 1952ರಿಂದ ಟೋಕಿಯೊವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಭಾರವಾದ ದೋಣಿ, ದೃಢಕಾಯರಿಗಷ್ಟೇ ತಕ್ಕುದು. ಆರ್‌ಎಸ್ ಏರೋ ಒಡಲು 30 ಕಿಲೋಗ್ರಾಮಿನಷ್ಟೇ ಇದ್ದು ಕೆಸರುದಡಕ್ಕೆ ಆದರ್ಶವೆನಿಸುತ್ತದೆ. ಬೆಲೆ ಮಾತ್ರ ಹೆಚ್ಚು.

ಹಳೆಯ ದೋಣಿ ಕೊಳ್ಳುವಾಗ

ಫೈಬರ್‌ಗ್ಲಾಸ್ ಒಡಲಿನ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆನಿಸಿದರೆ ಒಳಪದರ ಬಿಟ್ಟುಕೊಂಡಿದೆಯೆಂದು ತಿಳಿಯಬೇಕು. ನೀರು ಕುಡಿದ ಒಡಲು ಹೊರಗೆ ಹೊಸದಾಗಿ ಕಂಡರೂ ತೂಗಿದರೆ ಗುಟ್ಟು ಹೊರಬೀಳುತ್ತದೆ. ಲೇಸರ್ ಮಾದರಿಯ ದೋಣಿಗಳಲ್ಲಿ ಕೂವೆಮರ ನಿಲ್ಲುವ ಕುಳಿಗೆ ನೀರು ತುಂಬಿ ಸ್ವಲ್ಪ ಹೊತ್ತು ಕಾಯುವುದು ರೂಢಿಯ ಪರೀಕ್ಷೆ. ಮಟ್ಟ ಇಳಿದರೆ ಕುಳಿಯ ತಳ ಬಿರುಕು ಬಿಟ್ಟಿದೆ. ಬಲವಾದ ಗಾಳಿಯಲ್ಲಿ ಕೂವೆಮರವೇ ಮೇಲ್ಭಾಗವನ್ನು ಸೀಳಿಕೊಂಡು ಉರುಳಬಹುದು. ಅಲ್ಯೂಮಿನಿಯಂ ಕೂವೆಮರದ ರಿವೆಟ್ಟುಗಳ ಸುತ್ತ ಬಿಳಿಯ ಪುಡಿ ಕಂಡರೆ ಅಲ್ಲಿ ಲೋಹ ಸವೆಯುತ್ತಿದೆ. ಹಾಯಿ ಹಳೆಯದಾಗಿದ್ದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು.