ತೊನ್ನು: ಕಥೆಯ ಉಳಿದರ್ಧ

ತೊನ್ನು ಬಂದವರಿಗೆ ಸಿಗುವ ಮೊದಲ ಬುದ್ಧಿಮಾತು ಈಚೆಗೆ ಬದಲಾಗಿದೆ. ಮೀನು ತಿಂದ ಮೇಲೆ ಹಾಲು ಕುಡಿದಿರಾ ಎಂದು ಕೇಳುವವರು ಈಗಲೂ ಇದ್ದಾರೆ. ಆದರೆ ಕೋವಿಡ್ ನಂತರ ಆ ಜಾಗದಲ್ಲಿ ‘ಇಮ್ಯುನಿಟಿ ಕಡಿಮೆಯಾಗಿದೆ, ಹೆಚ್ಚಿಸಿಕೊಳ್ಳಿ’ ಎಂಬ ಮಾತು ಬಂದು ಕೂತಿದೆ. ಕಷಾಯಕ್ಕೂ ಅದೇ ಸಮರ್ಥನೆ, ಅಮೃತಬಳ್ಳಿ ಪುಡಿಗೂ ಅದೇ. ಈ ತಪ್ಪಿನಲ್ಲಿ ನಮ್ಮ ಪದಕ್ಕೂ ಪಾಲಿದೆ. ‘ರೋಗನಿರೋಧಕ ಶಕ್ತಿ’ ಎಂದು ಹೆಸರಿಟ್ಟ ಗಳಿಗೆಯಲ್ಲೇ ಅದು ಸಂಪಿನ ನೀರಿನಂತೆ ತುಂಬುವ, ಇಳಿಯುವ ವಸ್ತುವಾಗಿಬಿಟ್ಟಿತು. ತೊನ್ನಿನಲ್ಲಿ ರೋಗನಿರೋಧಕ ವ್ಯವಸ್ಥೆ ಸೊರಗಿರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳನ್ನು ಒಂದೊಂದಾಗಿ ಗುರುತು ಹಿಡಿದು ಕೊಲ್ಲುವಷ್ಟು ಚುರುಕಾಗಿರುತ್ತದೆ. ಇದು ಜನರ ತಪ್ಪು, ತಿದ್ದುವುದು ಸುಲಭ. ಓದಿದವರ ತಪ್ಪು ಇನ್ನೊಂದಿದೆ: ಎಲ್ಲವೂ ಆ ವ್ಯವಸ್ಥೆಯ ಟಿ ಕೋಶಗಳ ಕೆಲಸ, ಅದನ್ನು ತಡೆಯುವ ಮುಲಾಮು ಬಂತು, ಇನ್ನು ಸಂಶೋಧನೆಗೆ ಉಳಿದಿರುವುದು ಬೆಲೆ ಇಳಿಸುವುದಷ್ಟೇ ಎಂಬ ನಂಬಿಕೆ. ಕೊಂದವರು ಯಾರೆಂಬುದು ಗೊತ್ತಾಗಿದೆ, ನಿಜ. ಅವರನ್ನು ಅಲ್ಲಿಗೆ ಕರೆಸಿದ್ದು ಯಾರು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದಕ್ಕೆ ಉತ್ತರದ ಒಂದು ತುಂಡನ್ನು ಬೆಂಗಳೂರಿನ ದೊಡ್ಡನೆಕ್ಕುಂದಿ, ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಹಳೆಯದನ್ನು ಬೇಗ ದಾಟೋಣ. ಅಥರ್ವವೇದದ ಕಿಲಾಸ, ಚರಕನ ಶ್ವಿತ್ರ, ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಎಲ್ಲರೂ ಬಲ್ಲದ್ದೇ. 1940ರ ದಶಕದ ಕೊನೆಯಲ್ಲಿ ಕೈರೋದ ಎಲ್ ಮೋಫ್ತಿ, ಬಾವಂಚಿಯಲ್ಲಿರುವ ಸೋರಾಲೆನ್ ಬಳಗಕ್ಕೇ ಸೇರಿದ ವಸ್ತುವನ್ನು ನೈಲ್ ಕಣಿವೆಯ ಒಂದು ಗಿಡದಿಂದ ಪಡೆದು ಬಳಸಿದರು. ಬಿಸಿಲಿನ ಬದಲು ದೀಪದ ಕಿರಣ ಬಂದದ್ದು ಆಮೇಲೆ. ಇದೇ ಕಾಲುದಾರಿಯಲ್ಲಿ ‘ಶ್ವೇತಕುಷ್ಠ’ ಎಂಬ ಹೆಸರೂ ನಡೆದುಬಂತು. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾವು ವೈದ್ಯರು ದಶಕಗಳಿಂದ ಹೇಳುತ್ತ ಬಂದಿದ್ದರೂ ಮದುವೆ ಮಾತುಕತೆಯಲ್ಲಿ ಆ ಪದದ ತೂಕ ಇಳಿದಿಲ್ಲ. 1959ರಲ್ಲಿ ಯೇಲ್‌ನ ಆರನ್ ಲರ್ನರ್ ನರಗಳನ್ನು ದೂರಿದರು. ಮುಂದೆ, ಮೆಲನೋಸೈಟ್ ತಾನು ತಯಾರಿಸುವ ರಾಸಾಯನಿಕಗಳಿಂದಲೇ ಸಾಯುತ್ತದೆ ಎಂದರು. ಆ ಎರಡನೆಯ ಮಾತನ್ನು ನೆನಪಿಡಿ. 1983ರಲ್ಲಿ ನ್ಯೂಯಾರ್ಕಿನ ಬಿಸ್ಟ್ರಿನ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಮೆಲನೋಸೈಟ್ ವಿರುದ್ಧದ ಪ್ರತಿಕಾಯಗಳನ್ನು ತೋರಿಸಿದಾಗ ಲರ್ನರ್ ಮೂಲೆಗೆ ಸರಿದರು, ಸ್ವಲ್ಪ ಅವಸರದಲ್ಲೇ.

ಪ್ರತಿಕಾಯಗಳು ಹೆಚ್ಚುಪಾಲು ಸಾಕ್ಷಿಗಳು, ಕೊಲೆಗಾರರಲ್ಲ ಎಂದು ತಿಳಿಯಲು ಇನ್ನೂ ಹದಿನೈದು ವರ್ಷ ಹಿಡಿಯಿತು. 1998ರಲ್ಲಿ ಆಕ್ಸ್‌ಫರ್ಡಿನ ಗುಂಪು, ಮೆಲನೋಸೈಟ್‌ಗಳನ್ನೇ ಗುರಿಯಿಡುವ ಸಿಡಿ8 ಟಿ ಕೋಶಗಳು ತೊನ್ನಿನ ರೋಗಿಗಳ ರಕ್ತದಲ್ಲಿ ಹೆಚ್ಚಾಗಿರುವುದನ್ನೂ ಅವು ಚರ್ಮದ ಕಡೆಗೇ ಹೋಗುವ ಗುರುತು ಹೊತ್ತಿರುವುದನ್ನೂ ಕಂಡಿತು. 2009ರ ಆಮ್‌ಸ್ಟರ್‌ಡ್ಯಾಮ್ ಪ್ರಯೋಗ ಇನ್ನೂ ನೇರವಾಗಿತ್ತು: ಬಿಳಿ ಮಚ್ಚೆಯ ಅಂಚಿನಿಂದ ಟಿ ಕೋಶಗಳನ್ನು ತೆಗೆದು, ಅದೇ ರೋಗಿಯ ಕೆಡದ ಚರ್ಮದ ತುಣುಕಿನ ಜತೆ ಇಟ್ಟರು, ಮೆಲನೋಸೈಟ್‌ಗಳು ಸತ್ತವು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಔಷಧ ಕೊಟ್ಟಾಗ ಕೆಲವರಿಗೆ ತೊನ್ನು ಬರುವುದು, ಬಂದವರು ಹೆಚ್ಚು ಕಾಲ ಬದುಕುವುದು ಅದೇ ಮಾತಿಗೆ ಇನ್ನೊಂದು ರುಜುವಾತು. ಇಮ್ಯುನಿಟಿ ಹೆಚ್ಚಿಸಿ ಎನ್ನುವವರು ಇದೊಂದನ್ನು ಓದಿದರೆ ಸಾಕು. ಅಮೆರಿಕದ ಜಾನ್ ಹ್ಯಾರಿಸ್ ಅವರ ಪ್ರಯೋಗಾಲಯ 2012 ಮತ್ತು 2014ರಲ್ಲಿ ಇಲಿಗಳಲ್ಲಿ ಸರಪಳಿಯನ್ನು ಬಿಡಿಸಿತು: ಟಿ ಕೋಶ ಇಂಟರ್‌ಫೆರಾನ್ ಗಾಮಾ ಸುರಿಸುತ್ತದೆ, ಆ ಸಂಕೇತ ಹಿಡಿದ ಚರ್ಮ ಸಿಎಕ್ಸ್‌ಸಿಎಲ್10 ಎಂಬ ಕರೆ ಹೊರಡಿಸುತ್ತದೆ, ಆ ಕರೆಗೆ ಇನ್ನಷ್ಟು ಟಿ ಕೋಶಗಳು ಬರುತ್ತವೆ. ಸಂಕೇತ ಕೋಶದೊಳಗೆ ಹಾಯುವುದು ಜಾಕ್ ಎಂಬ ಕಿಣ್ವಗಳ ಮೂಲಕ. 2015ರಲ್ಲಿ ಯೇಲ್‌ನ ವೈದ್ಯರು ಜಾಕ್ ತಡೆಯುವ, ಸಂಧಿವಾತದ ಟೋಫಾಸಿಟಿನಿಬ್ ಮಾತ್ರೆಯಿಂದ ಒಬ್ಬ ಮಹಿಳೆಯ ಬಣ್ಣ ಮರಳಿದ್ದನ್ನು ವರದಿ ಮಾಡಿದರು. 2022ರ ಜುಲೈನಲ್ಲಿ ಅದೇ ಬಗೆಯ ರಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಈ ಪಟ್ಟಿಯಲ್ಲಿ ನಮ್ಮ ದೇಶದ ಹೆಸರುಗಳು ಬರುವುದಿಲ್ಲ. ಅದು ಇಂಥ ಪಟ್ಟಿ ಬರೆಯುವವರ ಅಭ್ಯಾಸ, ಚರಿತ್ರೆಯಲ್ಲ. ಟಿ ಕೋಶದ ಕಥೆ ಗಟ್ಟಿಯಾಗುವ ಮುನ್ನವೇ, 1993ರಲ್ಲಿ, ದೆಹಲಿಯ ಏಮ್ಸ್‌ನ ಪಸ್ರಿಚಾ ಮತ್ತು ಖೈತಾನ್ ವಾರಕ್ಕೆ ಎರಡೇ ದಿನ 5 ಮಿಲಿಗ್ರಾಂ ಬೀಟಾಮೆಥಾಸೋನ್ ಕೊಟ್ಟು ವೇಗವಾಗಿ ಹರಡುವ ತೊನ್ನನ್ನು ನಿಲ್ಲಿಸಬಹುದೆಂದು ತೋರಿಸಿದ್ದರು. ಕೆಲವೇ ರೂಪಾಯಿಯ ಆ ಮಾತ್ರೆ ಇಂದಿಗೂ ನಮ್ಮ ಜಿಲ್ಲಾ ಆಸ್ಪತ್ರೆಗಳ ಆಸರೆ. ಬರೋಡದಲ್ಲಿ ರಶೀದುನ್ನೀಸಾ ಬೇಗಂ ಅವರ ಗುಂಪು, ದಾಳಿಗೆ ಲಗಾಮು ಹಾಕಬೇಕಾದ ನಿಯಂತ್ರಕ ಟಿ ಕೋಶಗಳು ರೋಗಿಗಳಲ್ಲಿ ಕಡಿಮೆಯಿರುವುದನ್ನು 2013ರಲ್ಲಿ ಪ್ರಕಟಿಸಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು 2014ರಲ್ಲಿ ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯ ನಟರಾಜನ್, ಗೋಖಲೆ ಮತ್ತು ಸಂಗಡಿಗರು ಮಾಡಿದ ಕೆಲಸ: ಇಂಟರ್‌ಫೆರಾನ್ ಗಾಮಾ ಟಿ ಕೋಶಗಳನ್ನು ಕರೆಸುವುದಷ್ಟೇ ಅಲ್ಲ, ಮೆಲನೋಸೈಟ್ ಒಳಗೆ ಬಣ್ಣದ ಕಣಗಳು ಬಲಿಯುವುದನ್ನೇ ತಡೆಯುತ್ತದೆ. ಕುಷ್ಠದ ಮಸುಕು ಕಲೆಗಳಲ್ಲೂ ಅವರಿಗೆ ಅದೇ ಗುರುತು ಸಿಕ್ಕಿತು. ಹೆಸರಿನಲ್ಲಿ ತಪ್ಪಾಗಿ ಅಂಟಿಕೊಂಡಿದ್ದ ಎರಡು ರೋಗಗಳು ಅಣುಗಳ ಮಟ್ಟದಲ್ಲಿ ಒಂದು ಕ್ಷಣ ಭೇಟಿಯಾದವು! ಮೆಲನೋಸೈಟ್ ಬರೀ ಬಲಿಪಶುವಲ್ಲ, ತನ್ನ ಸುತ್ತಲಿನ ಉರಿಯೂತಕ್ಕೆ ಉತ್ತರ ಕೊಡುವ ಕೋಶ ಎಂಬುದು ಈ ಕೆಲಸದ ತಿರುಳು.

ರಕ್ಸೊಲಿಟಿನಿಬ್ ಮುಲಾಮಿನ ಅಂಕಿಗಳನ್ನೂ ಅದೇ ಕಣ್ಣಿನಿಂದ ನೋಡಬೇಕು. ಉತ್ತರ ಅಮೆರಿಕ, ಯುರೋಪುಗಳ 674 ಮಂದಿಯ ಮೇಲೆ ನಡೆದ ಎರಡು ಪ್ರಯೋಗಗಳಲ್ಲಿ 24 ವಾರಕ್ಕೆ ಮುಖದ ಬಣ್ಣ ಮುಕ್ಕಾಲು ಪಾಲು ಸುಧಾರಿಸಿದ್ದು ನೂರಕ್ಕೆ ಸುಮಾರು 30 ಮಂದಿಯಲ್ಲಿ. ಖಾಲಿ ಮುಲಾಮು ಹಚ್ಚಿದವರಲ್ಲಿ 7ರಿಂದ 11. ಇದು ಸಣ್ಣ ಗೆಲುವಲ್ಲ. ಆದರೆ ಪಾಲ್ಗೊಂಡವರಲ್ಲಿ ಐದಕ್ಕೆ ನಾಲ್ಕು ಪಾಲು ಬಿಳಿಯರು, ಮತ್ತು ಔಷಧ ನಿಲ್ಲಿಸಿದರೆ ಮಚ್ಚೆ ಹಲವರಲ್ಲಿ ಹಳೆಯ ಜಾಗಕ್ಕೇ ಮರಳುತ್ತದೆ. ನೆನಪಿನ ಟಿ ಕೋಶಗಳು ಆ ಚರ್ಮದಲ್ಲೇ ಬಿಡಾರ ಹೂಡಿರುತ್ತವೆ ಎಂಬುದು ಈಗಿನ ವಿವರಣೆ. ಸರಿಯಾದ ವಿವರಣೆಯೇ, ಆದರೆ ಬಿಡಾರ ಮೊದಲು ಅಲ್ಲೇ ಯಾಕೆ ಬಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳಬಲ್ಲ ಪುರಾವೆ ಹಳೆಯದು. ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರ್ ಕೈಗವಸು ತೊಟ್ಟ ಕೆಲಸಗಾರರ ಕೈ ಬೆಳ್ಳಗಾದದ್ದು 1939ರಲ್ಲೇ ವರದಿಯಾಯಿತು. ಕಾರಣ ರಬ್ಬರಿಗೆ ಬೆರೆಸಿದ್ದ ಮಾನೊಬೆಂಜೋನ್. 1970ರಲ್ಲಿ ಫೀನಾಲ್ ಬೆರೆತ ಸೋಂಕುನಾಶಕ ಬಳಸುತ್ತಿದ್ದ ಆಸ್ಪತ್ರೆ ಶುಚಿಗಾರರ ಸರದಿ. ನಮ್ಮಲ್ಲಿ 1990ರಲ್ಲಿ ಅಲಹಾಬಾದಿನ ಬಜಾಜ್ ಮತ್ತು ಸಂಗಡಿಗರು, ಹಣೆಯಲ್ಲಿ ಬೊಟ್ಟಿಡುವ ಜಾಗ ಬೆಳ್ಳಗಾಗುವುದಕ್ಕೆ ಅಂಟುವ ಬಿಂದಿಯ ಗೋಂದಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಕಾರಣವೆಂದರು. 2009ರಲ್ಲಿ ಕೋಲ್ಕತ್ತದಿಂದ 864 ರೋಗಿಗಳ ಇಂಥದೇ ಅಧ್ಯಯನ ಬಂತು. 2013ರಲ್ಲಿ ಜಪಾನಿನ ಕಾನೆಬೊ ಕಂಪನಿ ರೋಡೊಡೆಂಡ್ರಾಲ್ ಇರುವ, ಬಣ್ಣ ತಿಳಿಯಾಗಿಸುವ ಕ್ರೀಮುಗಳನ್ನು ಸಾವಿರಾರು ಜನರಿಗೆ ಬಿಳಿ ಮಚ್ಚೆ ಬಂದ ಮೇಲೆ ಹಿಂತೆಗೆದುಕೊಂಡಿತು. (ತಿಳಿಬಣ್ಣದ ಹಂಬಲ ನಮಗೂ ದೂರದ್ದಲ್ಲ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ತಂದ ಕಂಪನಿಯ ಸಂಶೋಧನಾ ಕೇಂದ್ರ ಇಲ್ಲೇ ವೈಟ್‌ಫೀಲ್ಡಿನಲ್ಲಿದೆ. 2020ರಲ್ಲಿ ಬದಲಾದದ್ದು ಹೆಸರು.) ಈ ವಸ್ತುಗಳು ಮೆಲನಿನ್ನಿನ ಕಚ್ಚಾವಸ್ತುವಾದ ಟೈರೊಸಿನ್ನನ್ನು ಹೋಲುತ್ತವೆ. ಮೆಲನೋಸೈಟ್‌ನ ಕಿಣ್ವ ಮೋಸಹೋಗಿ ಅವನ್ನು ವಿಷವಾಗಿಸುತ್ತದೆ, ಕೋಶ ಒತ್ತಡಕ್ಕೆ ಸಿಕ್ಕಿ ಎಚ್‌ಎಸ್‌ಪಿ70ಯಂಥ ಅಪಾಯದ ಸೂಚನೆಗಳನ್ನು ಹೊರಚೆಲ್ಲುತ್ತದೆ, ಟಿ ಕೋಶಗಳಿಗೆ ಅದೇ ಕರೆ. ಮೂಲೆಗೆ ಸರಿಸಿದ್ದ ಲರ್ನರ್ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದರು.

ಇದು ರಾಸಾಯನಿಕ ಬಿಳುಪು, ನಿಜವಾದ ತೊನ್ನು ಬೇರೆ ಎನ್ನುವ ಆಕ್ಷೇಪವಿದೆ. ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಆಗದು. ವಸ್ತು ತಾಗದ ಜಾಗಕ್ಕೂ ಮಚ್ಚೆ ಹರಡುವ ಪ್ರಸಂಗಗಳು ಈ ಗೆರೆಯನ್ನು ಅಳಿಸುತ್ತವೆ. ಹಾಗಿದ್ದರೆ ಬಳಸಿದ ಎಲ್ಲರಿಗೂ ಯಾಕೆ ಬರುವುದಿಲ್ಲ ಎಂಬುದು ಎರಡನೆಯದು. ಜಪಾನಿನಲ್ಲಿ ಬಳಸಿದವರ ಪೈಕಿ ನೂರಕ್ಕೆ ಸುಮಾರು ಇಬ್ಬರಿಗೆ ಬಂತು. ವಂಶವಾಹಿಗಳ ಪಾತ್ರ ಅಲ್ಲಿದೆ. ಆದರೆ ವಂಶವಾಹಿಗಳೇ ಎಲ್ಲವೂ ಆಗಿದ್ದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರಬೇಕಿತ್ತು. 2003ರ ಅಧ್ಯಯನದಲ್ಲಿ ಹಾಗಿದ್ದದ್ದು 23% ಮಾತ್ರ. ಎಸಿ ಕಚೇರಿಯಲ್ಲಿ ಕೂರುವ ಸಾಫ್ಟ್‌ವೇರ್ ಎಂಜಿನಿಯರಿಗೂ ತೊನ್ನು ಬರುತ್ತದಲ್ಲ ಎಂದರೆ, ಬರುತ್ತದೆ. ತೊನ್ನೆಲ್ಲ ಕಾರ್ಖಾನೆಯದೆಂದು ನಾನು ಹೇಳುತ್ತಿಲ್ಲ. ಕರೆ ಎಲ್ಲಿ ಹುಟ್ಟುತ್ತದೆಂದು ಕಲಿಯಬೇಕಾದರೆ, ಕರೆ ಕೊಟ್ಟ ವಸ್ತುವಿನ ಹೆಸರು ಗೊತ್ತಿರುವ ಕಡೆಯಿಂದ ಶುರು ಮಾಡುವುದು ವಿವೇಕ.

ಅಂಥ ಕಡೆಗಳು ಈ ಊರಿನಲ್ಲಿ ಒತ್ತೊತ್ತಾಗಿವೆ. ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಗೆ ಗೋಡೆ ತಗುಲಿದಂತೆ ಟೆಕ್ ಪಾರ್ಕುಗಳಿವೆ. ನಿಯೊಪ್ರೀನ್ ಗೋಂದಿನ ಡಬ್ಬ, ರಬ್ಬರ್ ಕೈಗವಸು, ನೆಲ ಒರೆಸುವ ಫಿನಾಯಿಲ್ ಮುಟ್ಟುವವರು ಗುತ್ತಿಗೆ ಕೆಲಸಗಾರರು ಮತ್ತು ಹೌಸ್‌ಕೀಪಿಂಗ್ ಹೆಂಗಸರು. ಕಂಪನಿ ಬದಲಾದರೆ ಅವರ ದಾಖಲೆಯೂ ಹೋಗುತ್ತದೆ. ಬ್ರಿಟನ್ನಿನ ಪರಿಹಾರದ ಪಟ್ಟಿಯಲ್ಲಿ ‘ಔದ್ಯೋಗಿಕ ತೊನ್ನು’ ಸಿ25 ಎಂಬ ಸಂಖ್ಯೆಯ ಅಡಿ ಪ್ರತ್ಯೇಕ ಕಾಯಿಲೆ, ಬ್ಯುಟೈಲ್ ಫೀನಾಲಿನ ಹೆಸರು ಸಹಿತ. ನಮ್ಮ 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯ 29 ಕಾಯಿಲೆಗಳಲ್ಲಿ ರಾಸಾಯನಿಕ ತಾಗಿ ಬರುವ ಚರ್ಮದ ಉರಿಯೂತವಿತ್ತು, ಬಣ್ಣ ಹೋಗುವ ಕಾಯಿಲೆ ಇರಲಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ಯಾರೂ ಎಣಿಸುವುದಿಲ್ಲ, ಎಣಿಸದ್ದಕ್ಕೆ ಸಂಶೋಧನಾ ಹಣವೂ ಬರುವುದಿಲ್ಲ. ಚರ್ಮದ ಅಲರ್ಜಿ ನೋಡುವ ನಮ್ಮ ಪ್ಯಾಚ್ ಟೆಸ್ಟ್ ಸರಣಿಯಲ್ಲಿ ಬ್ಯುಟೈಲ್ ಫೀನಾಲಿನ ರಾಳ ಆಗಲೇ ಇದೆ. ಬೆನ್ನಿಗೆ ಅಂಟಿಸಿ ಎರಡನೆಯ ದಿನ, ನಾಲ್ಕನೆಯ ದಿನ ಕೆಂಪಾಯಿತೇ, ತುರಿಸಿತೇ ಎಂದು ಓದಿ ರೋಗಿಯನ್ನು ಕಳಿಸುತ್ತೇವೆ. ಬಿಳುಪು ಮೂಡಲು ವಾರಗಳೇ ಬೇಕು. ಅಷ್ಟು ಹೊತ್ತಿಗೆ ಆ ಬೆನ್ನು ಮತ್ತೆ ಶೆಡ್ಡಿನೊಳಗಿರುತ್ತದೆ.