ಕೆಳಗ ಅಂದ್ರ ಎಲ್ಲಿ?

ಒಂದು ಸಣ್ಣ ಪ್ರಯೋಗ ಮಾಡಿ. ನೆತ್ತಿಯಿಂದ ಶುರುಮಾಡಿ ಮೈಯ ಒಂದೊಂದೇ ಭಾಗದ ಹೆಸರನ್ನು ನಿಮ್ಮೂರ ಮಾತಲ್ಲಿ, ಅವ್ವನ ಎದುರು ಆಡೋ ದನಿಯಲ್ಲೇ ಹೇಳುತ್ತಾ ಕೆಳಗಿಳಿಯಿರಿ. ತಲಿ, ಹಣಿ, ಮೂಗು, ಗದ್ದ, ಕುತಗಿ, ಹೆಗಲ, ಹೊಟ್ಟಿ, ಹೊಕ್ಕಳ. ಇಲ್ಲಿವರೆಗೆ ಸರಾಗ. ಮುಂದಿನದು? ಸೀದಾ ತೊಡಿ, ಮೊಣಕಾಲು, ಹಿಂಬಡ. ನಡುವಿನ ಒಂದು ಗೇಣು ಜಾಗವನ್ನು ನಾಲಿಗೆ ಹಾರಿಬಿಟ್ಟಿರುತ್ತದೆ. ಅಲ್ಲಿಗೂ ಅಚ್ಚಗನ್ನಡ ಪದಗಳಿವೆ, ಎಲ್ಲರಿಗೂ ಗೊತ್ತಿವೆ. ಆದರೆ ಅವು ಬದುಕಿರೋದು ಬೈಗುಳದಲ್ಲಿ. ಬಸ್ ಸ್ಟ್ಯಾಂಡ್ ಜಗಳದಲ್ಲಿ ಗಂಡಸರು ಹತ್ತು ಸಲ ಆಡುವ ಪದವನ್ನು ಹೆಣ್ಣುಮಗಳು ತನ್ನ ನೋವು ಹೇಳಲು ಒಂದು ಸಲವೂ ಬಳಸುವಂತಿಲ್ಲ.

ನಾನು ಬೆಳೆದದ್ದು ಖಾನಾಪುರ ತಾಲೂಕಿನಲ್ಲಿ. ತಾಲೂಕಿನ ಪೂರ್ವಕ್ಕೆ, ಇಟಗಿ, ಪಾರಿಶ್ವಾಡದ ಕಡೆ ಕನ್ನಡ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಯ ಕಾಡಿನ ಕಡೆ ಮರಾಠಿ, ಕೊಂಕಣಿ. ದವಾಖಾನೆ ಅಂದರೆ ಎಲ್ಲರಿಗೂ ಬೆಳಗಾವಿ. ಹೀಗಾಗಿ ನಮ್ಮ ಕಡೆ ಹೆಂಗಸರ ಮೈಯ ಬಗ್ಗೆ ಮಾತಿಗೆ ಬರವಿಲ್ಲ. ಹುಡುಗಿ 'ದೊಡ್ಡಾಕಿ' ಆಗ್ತಾಳೆ. ತಿಂಗಳಿಗೊಮ್ಮೆ 'ಕಡಿಗಾಗ್ತಾಳೆ', 'ಹೊರಗಾಗ್ತಾಳೆ'. ಮರಾಠಿಯವರ ಮನೆಯಲ್ಲಿ 'ಕಾವಳಾ ಶಿವಲಾ', ಅಂದರೆ ಕಾಗೆ ಮುಟ್ಟಿತು. 'ಪಾಳಿ' ಬರುತ್ತೆ. 'ಬಿಳಿ' ಹೋಗುತ್ತೆ. ಬಸುರಿಗೆ ಕುಬಸ ಮಾಡ್ತಾರೆ. ದಿನ ತುಂಬಿದಾಗ 'ಬ್ಯಾನಿ' ತಿಂತಾಳೆ, ಕೂಸು ಬಂದ ಮೇಲೆ 'ಕಸ' ಬೀಳುತ್ತೆ. ಕಾಲೇಜಿಗೆ ಹೋದವರಿಗೆ 'ಡೇಟ್', ನಮ್ಮ ಆಫೀಸಿನಲ್ಲಿ 'ಪೀರಿಯಡ್ಸ್'.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಆಗೋದು, ಹೋಗೋದು, ಬರೋದು, ಬೀಳೋದು. ಏನಾಯಿತು ಅನ್ನೋದಕ್ಕೆ ಹತ್ತು ಮಾತಿವೆ, ಎಲ್ಲಿ ಆಯಿತು ಅನ್ನೋದಕ್ಕೆ ಒಂದೂ ಇಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಈವೆಂಟ್ ಲಾಗ್ ಇದೆ, ಅಡ್ರೆಸ್ ಇಲ್ಲ.

ಅಡ್ರೆಸ್ ಬೇಕಾದಾಗ ನಾವು ಸಾಲ ತಂದೆವು. ಮೊದಲ ಸಾಲ ಸಂಸ್ಕೃತದಿಂದ. 'ಯೋನಿ' ಅಂದರೆ ಅಲ್ಲಿ ಮೂಲ, ನೆಲೆ, ಬಸಿರು, ಹುಟ್ಟು ಎಲ್ಲವೂ. ಎಂಬತ್ನಾಲ್ಕು ಲಕ್ಷ ಯೋನಿ ದಾಟಿ ಮನುಷ್ಯಜನ್ಮ ಅನ್ನುವಾಗ ಯಾರೂ ನಾಚೋದಿಲ್ಲ. ಚರಕ, ಸುಶ್ರುತರ ಗ್ರಂಥಗಳು 20 ಬಗೆಯ 'ಯೋನಿವ್ಯಾಪತ್ತು'ಗಳನ್ನು ಎಣಿಸುತ್ತವೆ. ಅಲ್ಲಿ ಆ ಪದಕ್ಕೆ ಗರ್ಭಕೋಶವೂ ಸೇರುತ್ತದೆ, ಅದರ ದಾರಿಯೂ ಸೇರುತ್ತದೆ. ಇಂಗ್ಲಿಷ್ ವೈದ್ಯ ಬಂದ ಮೇಲೆ ನಮ್ಮ ಪಠ್ಯಪುಸ್ತಕಗಳು ಆ ದೊಡ್ಡ ಪದವನ್ನು ಕತ್ತರಿಸಿ 'ವಜೈನಾ' ಅನ್ನುವುದರ ಜಾಗದಲ್ಲಿ ಕೂರಿಸಿದವು.

ಆ ವಜೈನಾ ಅಂದರೇನು? ಲ್ಯಾಟಿನ್‌ನಲ್ಲಿ ಕತ್ತಿಯ ಒರೆ. ಕತ್ತಿ ಯಾರದು ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಭಾಗಕ್ಕೆ ಯುರೋಪಿನ ವೈದ್ಯರು ಇಟ್ಟ ಹೆಸರು 'ಪುಡೆಂಡಮ್', ನಾಚಿಕೆಪಡಬೇಕಾದದ್ದು ಅಂತ ಅರ್ಥ. ಅಂಗರಚನಾ ತಜ್ಞರ ಅಂತರರಾಷ್ಟ್ರೀಯ ಪದಪಟ್ಟಿ ಇದನ್ನು ಕೈಬಿಟ್ಟದ್ದು 2019ರ ಆವೃತ್ತಿಯಲ್ಲಿ. ಆದರೂ ಅಲ್ಲಿಗೆ ಹೋಗುವ ನರದ ಹೆಸರು ಇವತ್ತಿಗೂ ಪುಡೆಂಡಲ್ ನರ. ಹೆಸರಿಡುವಲ್ಲಿ ಇಷ್ಟು ನಾಚಿದವರು ನೋಡುವಲ್ಲೂ ನಾಚಿದರು. ಭಗಾಂಕುರದ ಬಹುಪಾಲು ಮೈಯೊಳಗೆ ಹರಡಿಕೊಂಡಿದೆ ಅನ್ನೋದನ್ನು ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓ'ಕಾನೆಲ್ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ತೋರಿಸಿದ್ದು 1998ರಲ್ಲಿ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಆಗಲೇ 29 ವರ್ಷ ಆಗಿತ್ತು.

ಇದು ಪರದೇಶದವರ ರೋಗ ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ. 'ಮಾನ ಮುಚ್ಚಿಕೊಳ್ಳೋದು' ಅಂತೀವಲ್ಲ, ಆ ಮಾನ ಯಾವ ಅಂಗ? ಪತ್ರಿಕೆಗಳ 'ಗುಪ್ತಾಂಗ' ಯಾರಿಂದ ಗುಪ್ತ? ಬಾದಾಮಿಯ ಪುರಾತತ್ವ ಸಂಗ್ರಹಾಲಯಕ್ಕೆ ಹೋದರೆ ನಾಗನಾಥಕೊಳ್ಳದಿಂದ ತಂದ ಚಾಲುಕ್ಯರ ಕಾಲದ ಒಂದು ಶಿಲ್ಪ ನೋಡಿ. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಸಿದ್ಧಳಾದಂತೆ ಅಗಲಿಸಿದ ಕಾಲು. ಶಿಲ್ಪಿ ಏನನ್ನೂ ಮುಚ್ಚಿಲ್ಲ. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಇಂಥದೇ ಮೂರ್ತಿಗೆ ಹೆಂಗಸರು ಮಕ್ಕಳಾಗಲಿ ಅಂತ ಇಂದಿಗೂ ಎಣ್ಣೆ ಹಚ್ಚಿ ಬೇಡಿಕೊಳ್ಳುತ್ತಾರೆ. ಈ ದೇವಿಗೆ ನಂತರದವರು ಇಟ್ಟ ಹೆಸರು ಲಜ್ಜಾಗೌರಿ. ಮರಾಠಿ ಸಂಶೋಧಕ ರಾ. ಚಿಂ. ಢೇರೆ ಅದೇ ಹೆಸರಿನ ಪುಸ್ತಕ ಬರೆದು, ನಮ್ಮ ಸವದತ್ತಿ ಎಲ್ಲಮ್ಮನನ್ನೂ ಇದೇ ಪರಂಪರೆಗೆ ಜೋಡಿಸಿದರು. ಕಲ್ಲಿನಲ್ಲಿ ಇಲ್ಲದ ಲಜ್ಜೆ ಹೆಸರಲ್ಲಿ ಬಂತು.

ಹೆಸರಿನ ಲಜ್ಜೆಯಿಂದ ಏನು ನಷ್ಟ ಅಂತೀರಾ? ನಮ್ಮ ದೊಡ್ಡವ್ವನನ್ನು ಒಮ್ಮೆ ಬೆಳಗಾವಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸುವ ಕೌಂಟರಿನಲ್ಲಿ "ಏನ್ ತ್ರಾಸ ಐತ್ರಿ?" ಅಂದರು. "ಕೆಳಗ ತ್ರಾಸ ಐತ್ರಿ." "ಕೆಳಗ ಅಂದ್ರ ಎಲ್ಲಿ?" ದೊಡ್ಡವ್ವ ಸೆರಗು ಎಳೆದುಕೊಂಡು ನೆಲ ನೋಡಿದಳು. ನಾನು ಬಾಯಿ ಬಿಡುವುದರೊಳಗೆ ಚೀಟಿ ಬಂತು, ಎಲುಬಿನ ಡಾಕ್ಟರಿಗೆ. ಅವಳಿಗೆ ಗರ್ಭಕೋಶ ಜಾರಿ ಆರು ವರ್ಷವಾಗಿತ್ತು. ಆರು ವರ್ಷ ಮನೆಯವರಿಗೆ ಗೊತ್ತಿದ್ದದ್ದು "ಸೊಂಟ ನೋವು" ಅಂತ ಮಾತ್ರ. ಮರಾಠಿ ನೆರೆಯಾಕಿಯ ಹತ್ತಿರ ಮಾತ್ರ ಅವಳು 'ಅಂಗ ಬಾಹೇರ ಯೇತೆ' ಅಂದಿದ್ದಳಂತೆ, ಮೈ ಹೊರಗೆ ಬರುತ್ತೆ ಅಂತ. ತನ್ನ ಭಾಷೆಯಲ್ಲಿ ಆಡಲಾಗದ್ದನ್ನು ಪಕ್ಕದ ಮನೆಯ ಭಾಷೆಯಲ್ಲಿ ಆಡಿದ್ದಳು.

ಊರಿನ ಮಾತು, ಡಾಕ್ಟರ ಮಾತು ಎರಡೂ ಕೂಡುವ ಒಂದು ಪದ ಇದೆ: 'ಚೀಲ'. ಮರಾಠಿಯಲ್ಲಿ 'ಪಿಶವಿ'. ಸಂತೆಗೆ ಒಯ್ಯೋದೂ ಅದೇ, ಹೊಟ್ಟೆಯೊಳಗೆ ಕೂಸು ಹೊರೋದೂ ಅದೇ. ಬಾಯಿಗೆ ಸಲೀಸಾದ ಪದ, ಅದರ ಅಪಾಯವೂ ಅಲ್ಲೇ ಇದೆ. ಚೀಲ ಅಂದಮೇಲೆ ಅದು ಹರಿಯಬಹುದು, ಕೊಳೆಯಬಹುದು, ಕೆಲಸ ಮುಗಿದ ಮೇಲೆ ಬಿಸಾಕಬಹುದು. "ಚೀಲ ಕೆಟ್ಟೈತಿ, ತೆಗಿಸಿಬಿಡ್ರಿ" ಅಂದರೆ ಯಾರೂ ತಿರುಗಿ ಕೇಳೋದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್‌ನಿಂದ ಕಬ್ಬು ಕಡಿಯುವ ಹೆಂಗಸರ ಅಂಥದೇ ಸುದ್ದಿ ಬಂತು. ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಇದರ ಹಿಂದೆ ದುಡ್ಡಿದೆ, ಬಡತನ ಇದೆ. ಪದವೂ ಇದೆ. ಚೀಲದ ಪಕ್ಕದಲ್ಲೇ ಇರುವ ಅಂಡಾಶಯಕ್ಕೆ ನಮ್ಮೂರಲ್ಲಿ ಹೆಸರೇ ಇಲ್ಲ. ಹರೆಯದಲ್ಲೇ ಅಂಡಾಶಯ ಹೋದರೆ ಮುಟ್ಟು ನಿಂತವರ ಬಿಸಿ, ಬೆವರು, ಎಲುಬಿನ ಸವೆತ ಬೇಗ ಶುರುವಾಗುತ್ತದೆ. ಆಪರೇಷನ್ ಆದ ಹೆಂಗಸರನ್ನು "ಅದನ್ನೂ ತೆಗೆದಾರೇನು?" ಅಂತ ಕೇಳಿ ನೋಡಿ. ಹೆಸರೇ ಗೊತ್ತಿಲ್ಲದ್ದು ಇದೆಯೋ ಹೋಯಿತೋ ಅಂತ ಹೇಗೆ ಹೇಳಿಯಾರು?

ಇನ್ನೊಂದು ಮಾತು 'ಕೆಟ್ಟ ರಕ್ತ'. ಹೆರಿಗೆಯಾದ ಮೇಲೆ ಕೆಟ್ಟ ರಕ್ತ ಹೋಗಬೇಕು, ಹೋದರೆ ಒಳ್ಳೆಯದು ಅಂತ ನಮ್ಮ ಆಯಿಯ ಕಾಲದ ನಂಬಿಕೆ. ಎಷ್ಟು ಹೋದರೆ ಅಪಾಯ ಅನ್ನೋದಕ್ಕೆ ಆ ಮಾತಿನಲ್ಲಿ ಜಾಗವೇ ಇಲ್ಲ. ಬಾಣಂತಿ ತಣ್ಣಗಾಗುವವರೆಗೆ ಅದು ಒಳ್ಳೆಯ ಲಕ್ಷಣವೇ. ಈ ವಿಷಯದಲ್ಲಿ ಬೆಳಗಾವಿ ಜಗತ್ತಿಗೆ ಒಂದು ಪಾಠ ಕೊಟ್ಟಿದೆ. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರ ಅಧ್ಯಯನ ಮಾಡಿದರು. ಮನೆಯಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿದ್ದು ನರ್ಸಮ್ಮಂದಿರು. ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟಾಗ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ನನಗೆ ಗುಳಿಗೆಯಷ್ಟೇ ದೊಡ್ಡದಾಗಿ ಕಂಡದ್ದು ಅವರು ರಕ್ತ ಅಳೆದ ರೀತಿ. ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಕಣ್ಣಂದಾಜು ಹಾಳೆಯ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ತೋರಿಸುತ್ತಿತ್ತು. 500 ಮಿಲಿಲೀಟರಿನ ಗೆರೆ ಮುಟ್ಟಿತು ಅಂದರೆ ಅದು ಕೆಟ್ಟ ರಕ್ತವೋ ಒಳ್ಳೆಯದೋ ಅನ್ನೋ ಚರ್ಚೆ ಮುಗಿಯಿತು, ಓಡಬೇಕು. ಇಂಥದೇ ಗೆರೆಯ ಹಾಳೆಯನ್ನು ಮುಂದೆ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಕೂಡಲೇ ಕೊಡುವ ಚಿಕಿತ್ಸೆಯ ಜೊತೆ ಬಳಸಿದಾಗ ತೀವ್ರ ರಕ್ತಸ್ರಾವದ ಅನಾಹುತಗಳು ಶೇ. 60ರಷ್ಟು ಕಡಿಮೆಯಾದವು. ಆ ಫಲಿತಾಂಶ ಬಂದದ್ದು 2023ರಲ್ಲಿ.

ಹಾಗಾದರೆ ನಮಗೆ ಯಾವ ಪದ ಬೇಕು? ಧಾರವಾಡದಲ್ಲೂ ವೈದ್ಯೆಯಾಗಿದ್ದ ಅನುಪಮಾ ನಿರಂಜನ (1934–1991) 'ತಾಯಿ ಮಗು', 'ಕೇಳು ಕಿಶೋರಿ'ಯಂಥ ಪುಸ್ತಕಗಳಲ್ಲಿ ಈ ಮಾತುಗಳನ್ನು ಕನ್ನಡದಲ್ಲಿ ನಾಚಿಕೆಯಿಲ್ಲದೆ ಆಡಬಹುದು ಅಂತ ತೋರಿಸಿದರು. ಆ ಪುಸ್ತಕ ಓದಿದ ತಾಯಂದಿರು ಮಗಳ ದಿಂಬಿನ ಹತ್ತಿರ ಅದನ್ನು ಇಟ್ಟು ಸುಮ್ಮನಾದರು, ಬಾಯಿಬಿಟ್ಟು ಹೇಳಲಿಲ್ಲ. ನಾವೂ ಹೇಳೋದಿಲ್ಲ. ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡಿ ನಮ್ಮ ಪಾಡಿಗೆ ಪಾರಾಗುತ್ತೇವೆ, ದೊಡ್ಡವ್ವಂದಿರು ಕೌಂಟರಿನಲ್ಲಿ ನೆಲ ನೋಡುತ್ತಾ ನಿಂತಿರುತ್ತಾರೆ.

ನಮ್ಮೂರ ಆಶಾ ಕಾರ್ಯಕರ್ತೆಯೊಬ್ಬರು ಹುಡುಗಿಯರಿಗೆ ಪಾಠ ಮಾಡೋದನ್ನು ಕೇಳಿದ್ದೇನೆ. "ಮೂರು ದಾರಿ ಅದಾವು. ಮುಂದಿಂದು ಉಚ್ಚಿ ದಾರಿ, ನಡುವಿಂದು ಕೂಸಿನ ದಾರಿ, ಹಿಂದಿಂದು ಸಂಡಾಸ ದಾರಿ." ಯಾರೂ ನಗಲಿಲ್ಲ. ಕತ್ತಿ ಇಲ್ಲ, ಒರೆ ಇಲ್ಲ, ಮಾನ ಇಲ್ಲ, ಲಜ್ಜೆ ಇಲ್ಲ. ನೋವು ಯಾವ ದಾರಿಯಲ್ಲಿ ಅಂತ ಆ ಹುಡುಗಿಯರು ಇನ್ನು ಹೇಳಬಲ್ಲರು. ಅದಕ್ಕೆ ಗರ್ಭಕೋಶ, ಅಂಡಾಶಯ ಅನ್ನುವ ಎರಡು ಪುಸ್ತಕದ ಪದಗಳನ್ನು ಸೇರಿಸಿದರೆ ಸಾಕು. ಮುಂದಿನ ಸಲ ಊರಿಗೆ ಹೋದಾಗ ಅವ್ವನಿಗೆ, ಅತ್ತೆಗೆ, ದೊಡ್ಡವ್ವನಿಗೆ ಇಷ್ಟು ಹೇಳಿಕೊಡಿ. ಯಾರಾದರೂ "ಚೀಲ ತೆಗೀಬೇಕು" ಅಂದರೆ ಅವರು ಹೀಗೆ ಕೇಳಲಿ: "ಗರ್ಭಕೋಶ ಅಷ್ಟ ತೆಗೀತೀರೋ, ಅಂಡಾಶಯನೂ ತೆಗೀತೀರೋ? ಯಾಕ್ರಿ?"