ಫುಟ್‌ಬಾಲ್ ಆಟದಲ್ಲಿ ಸ್ಥಳಪಲ್ಲಟ

ಫುಟ್‌ಬಾಲ್ ಪಂದ್ಯಕ್ಕೆ ಹೋದಾಗ ನಾವು ಸಾಮಾನ್ಯವಾಗಿ ನೋಡುವುದು ಚೆಂಡನ್ನು. ಚೆಂಡು ಎತ್ತ ಹೋದರೆ ನಮ್ಮ ಕಣ್ಣು ಅತ್ತ. ಆದರೆ ಒಂದೂವರೆ ಗಂಟೆಯ ಆಟದಲ್ಲಿ ಯಾವನೇ ಆಟಗಾರನ ಕಾಲಿನ ಬಳಿ ಚೆಂಡು ಇರುವುದು ಕೆಲವೇ ನಿಮಿಷಗಳ ಹೊತ್ತು. ಮಿಕ್ಕ ಹೊತ್ತೆಲ್ಲ ಆತನು ಎಲ್ಲಿ ನಿಲ್ಲುತ್ತಾನೆ, ಎಲ್ಲಿಗೆ ಓಡುತ್ತಾನೆ, ಎದುರಾಳಿಗಳಲ್ಲಿ ಯಾರನ್ನು ತನ್ನ ಬೆನ್ನಹಿಂದೆ ಸೆಳೆದೊಯ್ಯುತ್ತಾನೆ ಎಂಬುದನ್ನು ನಾವು ಗಮನಿಸುವುದು ಅಪರೂಪ. ದಾಳಿಯ ಕಲೆ ಬೆಳೆದ ಚರಿತ್ರೆಯಾದರೋ ಬಹುಮಟ್ಟಿಗೆ ಈ ಚೆಂಡಿಲ್ಲದ ಓಟದ ಚರಿತ್ರೆಯೇ ಆಗಿದೆ. ಅದರೊಳಗೆ ತನ್ನ ಮನೆಯ ವಿದ್ಯೆಯನ್ನು ತಾನೇ ಅಲಕ್ಷಿಸಿದ ಒಂದು ದೇಶದ ಕಥೆಯೂ ಅಡಗಿದೆ.

1863ರಲ್ಲಿ ಲಂಡನ್ನಿನಲ್ಲಿ ಆಟಕ್ಕೆ ನಿಯಮಗಳನ್ನು ಬರೆದಾಗ, ಚೆಂಡಿಗಿಂತ ಮುಂದೆ ನಿಂತ ಸ್ವಪಕ್ಷದವನು ಆಟದಿಂದ ಹೊರಗಾದವನೆಂದೇ ಎಣಿಕೆಯಾಗಿತ್ತು. ಹೀಗಿದ್ದಮೇಲೆ ಮುಂದಕ್ಕೆ ಚೆಂಡನ್ನು ಯಾರಿಗೆ ಕೊಡುವುದು? ಒಬ್ಬನು ಚೆಂಡನ್ನು ಕಾಲಿನಲ್ಲೇ ಉರುಳಿಸಿಕೊಂಡು ವೈರಿಗಳ ಗುಂಪಿಗೆ ನುಗ್ಗುವುದು, ಉಳಿದವರು ಅವನು ಕಳೆದುಕೊಂಡ ಚೆಂಡನ್ನು ಹೆಕ್ಕಿಕೊಳ್ಳಲು ಹಿಂದಿನಿಂದ ಓಡಿಬರುವುದು—ಇದೇ ಆಗಿನ ದಾಳಿ. 1866ರಲ್ಲಿ ನಿಯಮವನ್ನು ಸಡಿಲಿಸಿದರು. ಮುಂದಿರುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿದ್ದರೆ ಸಾಕೆಂದಾಯಿತು. ನಿಯಮವೇನೋ ಬದಲಾಯಿತು, ಅಭ್ಯಾಸ ಅಷ್ಟು ಸುಲಭವಾಗಿ ಬದಲಾಗಲಿಲ್ಲ. ಸಾಲೆಯ ಮೈದಾನಗಳಲ್ಲಿ ಪುರುಷಾರ್ಥವೆಂದರೆ ಚೆಂಡನ್ನು ಬಿಡದೆ ನುಗ್ಗುವುದೆಂದು ಕಲಿತ ಇಂಗ್ಲಿಷ್ ಮಹನೀಯರಿಗೆ ಅದನ್ನು ಇನ್ನೊಬ್ಬನಿಗೆ ದಾಟಿಸುವುದು ಕೈಲಾಗದವನ ಉಪಾಯವಾಗಿ ಕಂಡಿತೋ ಏನೋ.

ಉಪಾಯವನ್ನು ಕಂಡುಕೊಂಡವರು ಸ್ಕಾಟ್ಲೆಂಡಿನವರು. 1872ರ ನವೆಂಬರ್ 30ರಂದು ಗ್ಲಾಸ್ಗೋದ ಒಂದು ಕ್ರಿಕೆಟ್ ಮೈದಾನದಲ್ಲಿ ಎರಡು ದೇಶಗಳ ನಡುವೆ ಮೊಟ್ಟಮೊದಲನೆಯ ಪಂದ್ಯ ನಡೆಯಿತು. ಸ್ಕಾಟರ ಹನ್ನೊಂದು ಮಂದಿಯೂ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು; ಮೈಭಾರದಲ್ಲಿ ಇಂಗ್ಲಿಷರಿಗಿಂತ ಕಡಮೆಯವರು. ತೂಕಕ್ಕೆ ತೂಕ ಡಿಕ್ಕಿ ಹೊಡೆದರೆ ಸೋಲು ಖಂಡಿತವೆಂದು ಬಲ್ಲ ಅವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಎರಡು ಪಕ್ಷಕ್ಕೂ ಗೋಲು ದೊರೆಯದೆ ಆಟ ಮುಗಿಯಿತು. ಗೋಲಿಲ್ಲದ ಈ ಪಂದ್ಯವನ್ನು ನಾವು ದಾಳಿಯ ಚರಿತ್ರೆಯ ಮೊದಲ ಪುಟದಲ್ಲಿಡಬೇಕಾಗಿದೆ. ಚೆಂಡನ್ನು ದಾಟಿಸುವುದಾದರೆ ಅದನ್ನು ಪಡೆಯಲು ಮತ್ತೊಬ್ಬನು ಬಯಲಾದ ಜಾಗಕ್ಕೆ ಸರಿಯಲೇಬೇಕು. ಚೆಂಡಿಲ್ಲದವನಿಗೂ ಕೆಲಸ ಹುಟ್ಟಿದ್ದು ಅಲ್ಲಿಂದ.

ಮುಂದಿನ ಐವತ್ತು ವರ್ಷಗಳಲ್ಲಿ ಐವರು ಮುಂದಾಳುಗಳು, ಮೂವರು ಹಾಫ್‌ಗಳು, ಇಬ್ಬರು ಬ್ಯಾಕ್‌ಗಳು ಎಂಬ ವ್ಯೂಹ ಎಲ್ಲೆಡೆಯೂ ನೆಲೆಗೊಂಡಿತು. ಅದರ ವಿವರದಲ್ಲಿ ನಾವು ತಡೆಯಬೇಕಾಗಿಲ್ಲ. ಕೊನೆಗೆ ಆ ವ್ಯೂಹವನ್ನು ಕೆಡಿಸಿದ್ದು ದಾಳಿಯ ಜಾಣತನವಲ್ಲ, ರಕ್ಷಣೆಯ ಜಾಣತನ. ಮೂವರಿರಬೇಕೆಂಬ ಆಫ್‌ಸೈಡ್ ನಿಯಮವನ್ನೇ ಬಲೆಯಾಗಿ ಹೆಣೆದು, ನ್ಯೂಕ್ಯಾಸಲ್ಲಿನ ಮೆಕ್ರ್ಯಾಕನ್ ಮುಂತಾದ ಬ್ಯಾಕ್‌ಗಳು ಸಮಯ ನೋಡಿ ನಾಲ್ಕು ಹೆಜ್ಜೆ ಮುಂದೆ ಬಂದುಬಿಡುತ್ತಿದ್ದರು. ಹಿಂದೆ ಉಳಿಯುತ್ತಿದ್ದವರು ಇನ್ನೊಬ್ಬ ಬ್ಯಾಕ್, ಒಬ್ಬ ಗೋಲ್‌ಕೀಪರ್, ಇಬ್ಬರೇ. ಮುಂದಾಳು ನಿಂತಲ್ಲೇ ಅಪರಾಧಿ. ಆಟವೆಲ್ಲ ಮೈದಾನದ ನಡುವಣ ಪಟ್ಟಿಯೊಂದರಲ್ಲಿ ಸಿಕ್ಕಿಬಿದ್ದು, ಸೀಟಿಯ ಸದ್ದೇ ಹೆಚ್ಚಾಯಿತು. ಇದನ್ನು ಕಂಡು 1925ರ ಬೇಸಗೆಯಲ್ಲಿ ಮೂವರ ಬದಲು ಇಬ್ಬರು ಸಾಕೆಂದು ವಿಧಿಸಿದರು. ಫಲ ಕೂಡಲೇ ಕಂಡಿತು. ಇಂಗ್ಲಿಷ್ ಲೀಗಿನ ಮೊದಲ ದರ್ಜೆಯಲ್ಲಿ 1924–25ರಲ್ಲಿ ಬಿದ್ದ ಗೋಲುಗಳು 1,192. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703. ಒಂದೇ ಒಂದು ಪದದ ತಿದ್ದುಪಡಿ ಇಷ್ಟು ಮಾಡಿತು.

ಆ ವರ್ಷ ಅಕ್ಟೋಬರ್ 3ರಂದು ಆರ್ಸೆನಲ್ ತಂಡ ನ್ಯೂಕ್ಯಾಸಲ್ಲಿನಲ್ಲಿ ಏಳು ಗೋಲುಗಳಿಂದ ಸೋತಿತು. ಅದರ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಹೊಸದಾಗಿ ಬಂದವರು. ಆಟಗಾರ ಚಾರ್ಲಿ ಬಕನ್ ಹೇಳುತ್ತ ಬಂದಿದ್ದ ಸಲಹೆಯನ್ನು ಅವರು ಆಗ ಒಪ್ಪಿಕೊಂಡರು. ನಡುವಣ ಸೆಂಟರ್ ಹಾಫ್ ಹಿಂದೆ ಸರಿದು ಇಬ್ಬರು ಬ್ಯಾಕ್‌ಗಳ ಮಧ್ಯೆ ಕಾವಲು ನಿಂತನು. ಅವನು ತೆರವು ಮಾಡಿದ ಜಾಗವನ್ನು ತುಂಬಲು ಇನ್‌ಸೈಡ್ ಮುಂದಾಳು ಹಿಂದಕ್ಕೆ ಬಂದನು. ಕ್ರಮೇಣ ಮುಂದಿನ ಐವರ ನಿಲುವು ಡಬ್ಲ್ಯು ಅಕ್ಷರದಂತೆಯೂ ಹಿಂದಿನ ಐವರದು ಎಂ ಅಕ್ಷರದಂತೆಯೂ ರೂಪುಗೊಂಡಿತು. ಆರ್ಸೆನಲ್ 1931ರಿಂದ 1935ರೊಳಗೆ ನಾಲ್ಕು ಸಲ ಲೀಗನ್ನು ಗೆದ್ದುಕೊಂಡಿತು. ಚಾಪ್‌ಮನ್‌ರು 1934ರ ಜನವರಿಯಲ್ಲಿಯೇ ತೀರಿಕೊಂಡಿದ್ದರು.

ಈ ವ್ಯೂಹದ ಒಂದು ಗುಣವನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕು. ಅದರಲ್ಲಿ ಪ್ರತಿಯೊಬ್ಬನಿಗೂ ಎದುರು ಪಕ್ಷದಲ್ಲಿ ಒಬ್ಬ ಜೋಡಿ. ಬ್ಯಾಕ್‌ನಿಗೆ ವಿಂಗ್ ಆಟಗಾರ, ಸೆಂಟರ್ ಹಾಫ್‌ನಿಗೆ ಸೆಂಟರ್ ಫಾರ್ವರ್ಡ್. ಅಂಗಿಯ ಬೆನ್ನಿಗೆ ಅಂಕಿ ಬಂದಮೇಲಂತೂ ಐದನೆಯವನು ಒಂಬತ್ತನೆಯವನನ್ನು ಕಾಯುವುದು ಶಾಸ್ತ್ರವಾಗಿ ಹೋಯಿತು. ಶಾಸ್ತ್ರ ಕೆಲಸ ಮಾಡುವುದು ಇಬ್ಬರೂ ತಮ್ಮ ತಮ್ಮ ಸ್ಥಳದಲ್ಲಿರುವವರೆಗೆ ಮಾತ್ರ. ಒಂಬತ್ತನೆಯವನು ತನ್ನ ಸ್ಥಳಕ್ಕೆ ಬಾರದೆಯೇ ಇದ್ದರೆ?

ಈ ಪ್ರಶ್ನೆಯನ್ನು ಕೇಳಿದವರು ಡಾನ್ಯೂಬ್ ನದಿಯ ತೀರದವರು. ಅವರಿಗೆ ಪಾಠ ಹೇಳಿದ ಗುರು ಮಾತ್ರ ಇಂಗ್ಲಿಷಿನವರು. ಲ್ಯಾಂಕಷೈರಿನಲ್ಲಿ ಹುಟ್ಟಿದ ಜಿಮ್ಮಿ ಹೋಗನ್, ಸ್ಕಾಟರ ನೆಲಮಟ್ಟದ ಪಾಸ್ ಆಟವನ್ನೇ ದೈವವೆಂದು ನಂಬಿದವರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ವಿಯೆನ್ನಾದಲ್ಲಿದ್ದ ಕಾರಣ ಶತ್ರುದೇಶದ ಪ್ರಜೆಯೆಂದು ಸೆರೆಯಾದರು. ಬಳಿಕ ಬುಡಾಪೆಸ್ಟಿಗೆ ಹೋಗಿ ಎಂ.ಟಿ.ಕೆ. ಕ್ಲಬ್ಬಿನ ಹುಡುಗರಿಗೆ ಆಟ ಕಲಿಸಿದರು. ಯುದ್ಧ ಮುಗಿದು ಸ್ವದೇಶಕ್ಕೆ ಮರಳಿದಾಗ ಅವರಿಗೆ ದೊರೆತ ಸ್ವಾಗತ ತಣ್ಣಗಿತ್ತು. ಅವರ ವಿದ್ಯೆ ವಿಯೆನ್ನಾದಲ್ಲಿ ಹ್ಯೂಗೋ ಮೈಸಲ್‌ರ ತಂಡವಾಗಿ ಅರಳಿತು. ಆ ತಂಡದ ಸೆಂಟರ್ ಫಾರ್ವರ್ಡ್ ಮಾಥಿಯಾಸ್ ಸಿಂಡೆಲಾರ್ ಎಷ್ಟು ತೆಳ್ಳಗಿದ್ದನೆಂದರೆ ‘ಕಾಗದದ ಮನುಷ್ಯ’ ಎಂದೇ ಜನ ಕರೆಯುತ್ತಿದ್ದರು. ಡಿಕ್ಕಿ ಹೊಡೆಯಲು ಅವನಿಗೆ ಮೈಯಿಲ್ಲ. ಆದುದರಿಂದ ಹಿಂದೆ ಸರಿದು, ಬಯಲು ಹುಡುಕಿ, ಇತರರಿಗೆ ದಾರಿ ಮಾಡಿಕೊಟ್ಟನು. 1931ರ ಮೇ ತಿಂಗಳಲ್ಲಿ ಈ ತಂಡ ಸ್ಕಾಟ್ಲೆಂಡನ್ನೇ ವಿಯೆನ್ನಾದಲ್ಲಿ ಐದು ಗೋಲುಗಳಿಂದ ಸೋಲಿಸಿತು. ಮರುವರ್ಷ ಲಂಡನ್ನಿನಲ್ಲಿ ಇಂಗ್ಲೆಂಡು 4–3ರಿಂದ ಹೇಗೋ ಪಾರಾಯಿತು. ಗೆದ್ದವರು ಪಾಠ ಕಲಿಯುವುದು ಕಡಮೆ.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಹೊತ್ತಿಗೆ ವಿದ್ಯೆ ಹಂಗರಿಯಲ್ಲಿ ಪಕ್ವವಾಗಿತ್ತು. ಆ ಕೂಟದಲ್ಲಿ ಭಾರತದ ತಂಡ ಯುಗೊಸ್ಲಾವಿಯಕ್ಕೆ 10–1ರಿಂದ ಸೋತಿತು. ನಮ್ಮವರ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ಅಹಮದ್ ಖಾನ್ ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಅದೇ ಯುಗೊಸ್ಲಾವಿಯವನ್ನು ಅಂತಿಮ ಪಂದ್ಯದಲ್ಲಿ ಹಂಗರಿ 2–0ರಿಂದ ಗೆದ್ದಿತು.

ಇನ್ನು 1953ರ ನವೆಂಬರ್ 25. ವೆಂಬ್ಲಿ ಮೈದಾನದಲ್ಲಿ ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರು. ಯೂರೋಪ್ ಖಂಡದ ಯಾವ ದೇಶಕ್ಕೂ ಇಂಗ್ಲೆಂಡು ಅಂದಿನವರೆಗೆ ಸ್ವಂತ ನೆಲದಲ್ಲಿ ಸೋತಿರಲಿಲ್ಲ. ಹಂಗರಿಯ ಒಂಬತ್ತನೆಯ ಅಂಗಿ ತೊಟ್ಟವನು ನಾಂಡೋರ್ ಹಿಡೆಕುಟಿ. ಆಟ ಮೊದಲಾಗಿ ನಿಮಿಷ ಕಳೆಯುವುದರೊಳಗೆ ಆತನು ಒಂದು ಗೋಲು ಹೊಡೆದನು. ಅನಂತರ ಸೆಂಟರ್ ಫಾರ್ವರ್ಡ್ ನಿಲ್ಲಬೇಕಾದೆಡೆ ನಿಲ್ಲದೆ ಮೈದಾನದ ನಡುವೆ ಓಡಾಡತೊಡಗಿದನು. ಅವನನ್ನು ಕಾಯಬೇಕಾದ ಸೆಂಟರ್ ಹಾಫ್ ಹ್ಯಾರಿ ಜಾನ್‌ಸ್ಟನ್ ಏನು ಮಾಡಬೇಕು? ಹಿಂಬಾಲಿಸಿ ಹೋದರೆ ಗೋಲಿನ ಮುಂದೆ ಬಯಲು. ಆ ಬಯಲಿಗೆ ಪುಷ್ಕಾಶ್ ಒಂದು ಕಡೆಯಿಂದ, ಕೊಚಿಶ್ ಇನ್ನೊಂದು ಕಡೆಯಿಂದ ನುಗ್ಗುತ್ತಾರೆ. ಹೋಗದೆ ನಿಂತರೆ ಹಿಡೆಕುಟಿಗೆ ಕೇಳುವವರಿಲ್ಲ. ತಿರುಗಿ, ನೋಡಿ, ನಿಧಾನವಾಗಿ ಚೆಂಡು ಹಂಚುತ್ತಾನೆ, ಇಲ್ಲವೆ ತಾನೇ ಹೊಡೆಯುತ್ತಾನೆ. ದ್ರೋಣನ ವ್ಯೂಹಕ್ಕೆ ದಾರಿಯಾಗಲೆಂದು ಸಂಶಪ್ತಕರು ಅರ್ಜುನನನ್ನು ಕರೆದು ದಕ್ಷಿಣಕ್ಕೆ ಒಯ್ದ ಕಥೆ ನಮಗೆಲ್ಲ ಗೊತ್ತು. ಕರೆಗೆ ಓಗೊಡದಿರುವುದು ಅರ್ಜುನನಿಗೆ ಸಾಧ್ಯವಿರಲಿಲ್ಲ. ಓಗೊಟ್ಟರೆ ಅಭಿಮನ್ಯುವಿಗೆ ಕೇಡು. ಜಾನ್‌ಸ್ಟನ್ನನ ಸಂಕಟವೂ ಅದೇ ಜಾತಿಯದು. ಆತನು ಅಸಮರ್ಥನಾಗಿದ್ದನೆಂದು ಬರೆಯುವವರು ಅನ್ಯಾಯ ಮಾಡುತ್ತಾರೆಂದೇ ನಮ್ಮ ಅಭಿಪ್ರಾಯ. ಅವನು ಕಲಿತ ಶಾಸ್ತ್ರದಲ್ಲಿ ಆ ಪ್ರಶ್ನೆಗೆ ಉತ್ತರವೇ ಬರೆದಿರಲಿಲ್ಲ. ಹಿಡೆಕುಟಿಯ ಮೂರು ಗೋಲುಗಳೊಡನೆ ಹಂಗರಿ 6–3ರಿಂದ ಗೆದ್ದಿತು. ಇಂಗ್ಲೆಂಡಿನ ಪರವಾಗಿ ಜಾನ್‌ಸ್ಟನ್ ಆಡಿದ ಕಡೆಯ ಪಂದ್ಯ ಅದಾಯಿತು.

ಆ ದಿನ ಪ್ರೇಕ್ಷಕರ ನಡುವೆ ಎಪ್ಪತ್ತು ದಾಟಿದ ಹೋಗನ್‌ರೂ ಕುಳಿತಿದ್ದರು. ತಮಗೆ ಆಟ ಕಲಿಸಿದವರು ಅವರೇ ಎಂದು ಹಂಗರಿಯ ಪ್ರಮುಖರು ಬಹಿರಂಗವಾಗಿ ಹೇಳಿದರು. ಆರು ತಿಂಗಳ ಮೇಲೆ ಇಂಗ್ಲೆಂಡು ಬುಡಾಪೆಸ್ಟಿಗೆ ಹೋಗಿ 7–1ರಿಂದ ಸೋತುಬಂದಿತು. ಆ ಹಂಗರಿಯೇ 1954ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿಗೆ 3–2ರಿಂದ ಸೋತದ್ದು ಬೇರೆಯೇ ಒಂದು ಕಥೆ.

ಒಬ್ಬನು ಸ್ಥಳ ಬಿಟ್ಟರೆ ಇಷ್ಟಾಗುವುದಾದರೆ ಎಲ್ಲರೂ ಬಿಟ್ಟರೆ ಏನಾದೀತು ಎಂಬುದನ್ನು ರೈನಸ್ ಮಿಕಲ್ಸ್‌ರ ಡಚ್ ತಂಡ ತೋರಿಸಿತು. ಅಲ್ಲಿ ಬ್ಯಾಕ್ ಮುಂದೋಡಿದರೆ ಹಾಫ್ ಅವನ ಜಾಗವನ್ನು ತುಂಬುತ್ತಿದ್ದನು. ಸ್ಥಳಗಳು ಉಳಿಯುತ್ತಿದ್ದವು, ನಿಲ್ಲುವವರು ಬದಲಾಗುತ್ತಿದ್ದರು. 1974ರ ಜುಲೈ 7ರಂದು ಮ್ಯೂನಿಕ್ಕಿನ ಅಂತಿಮ ಪಂದ್ಯದಲ್ಲಿ ಆಟ ಆರಂಭಿಸಿದ ಡಚ್ಚರು ಚೆಂಡನ್ನು ತಮ್ಮತಮ್ಮೊಳಗೇ ಹಂಚಿಕೊಳ್ಳುತ್ತಿದ್ದರು. ಹೆಸರಿಗೆ ಸೆಂಟರ್ ಫಾರ್ವರ್ಡ್ ಆದ ಯೋಹಾನ್ ಕ್ರಾಯ್ಫ್ ತನ್ನವರೆಲ್ಲರ ಹಿಂದೆ, ಮೈದಾನದ ಮಧ್ಯದಲ್ಲಿ ಚೆಂಡು ಪಡೆದು, ಅಲ್ಲಿಂದ ನೇರವಾಗಿ ಓಡಿ ಗೋಲಿನ ಮುಂದೆ ಕೆಡವಲ್ಪಟ್ಟನು. ನೇಸ್ಕೆನ್ಸ್ ಪೆನಾಲ್ಟಿಯನ್ನು ಗೋಲಾಗಿಸಿದನು. ಜರ್ಮನರಲ್ಲಿ ಒಬ್ಬನೂ ಅಲ್ಲಿಯವರೆಗೆ ಚೆಂಡನ್ನು ಮುಟ್ಟಿರಲಿಲ್ಲ. ಕಡೆಗೆ ಪಂದ್ಯವನ್ನು 2–1ರಿಂದ ಗೆದ್ದವರು ಅವರೇ.

ಕ್ರಾಯ್ಫ್ ಮುಂದೆ ಬಾರ್ಸಿಲೋನಾ ತಂಡದ ಗುರುವಾದನು. ಅವನ ಕೈಕೆಳಗೆ ಆಡಿದ ಗಾರ್ಡಿಯೋಲ ಕಾಲಾಂತರದಲ್ಲಿ ಅದೇ ಪೀಠಕ್ಕೆ ಬಂದನು. 2009ರ ಮೇ 2ರಂದು ಮ್ಯಾಡ್ರಿಡ್ಡಿನಲ್ಲಿ ರಿಯಲ್ ತಂಡದ ಮೇಲೆ ಆಡುವಾಗ ಆತನು, ಬಲಬದಿಯಲ್ಲಿ ಆಡುತ್ತಿದ್ದ ಮೆಸ್ಸಿಯನ್ನು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕರೆದು, ಅಲ್ಲಿ ನಿಲ್ಲಬೇಡವೆಂದು ಹಿಂದಕ್ಕೆ ಸರಿಸಿದನು. ರಿಯಲ್ಲಿನ ನಡುವಣ ಕಾವಲುಗಾರರಲ್ಲಿ ಒಬ್ಬನು, 2006ರಲ್ಲಿ ವಿಶ್ವಕಪ್ಪನ್ನು ಎತ್ತಿಹಿಡಿದ ಇಟಲಿಯ ನಾಯಕ ಕನ್ನವಾರೊ. ಹಿಂಬಾಲಿಸಬೇಕೋ ನಿಲ್ಲಬೇಕೋ ಎಂಬ ಜಾನ್‌ಸ್ಟನ್ನನ ಪ್ರಶ್ನೆ ಐವತ್ತೈದು ವರ್ಷಗಳ ಮೇಲೆ ಅವನ ಮುಂದೆಯೂ ಬಂದು ನಿಂತಿತು. ಬಾರ್ಸಿಲೋನಾ ಗೆದ್ದದ್ದು 6–2ರಿಂದ.